ಧರ್ಮದೇಟು ಮತ್ತು ಪೆಟ್ರೋಲಿನ ಸಾಲು

2024ರ ಜನವರಿ 2, ಮಂಗಳವಾರ ಮಧ್ಯಾಹ್ನ ಹೈದರಾಬಾದಿನಿಂದ ತಮ್ಮನ ಕರೆ ಬಂತು. ಒಂದೂವರೆ ಗಂಟೆಯಿಂದ ಪೆಟ್ರೋಲ್ ಬಂಕಿನ ಸಾಲಿನಲ್ಲಿದ್ದನಂತೆ. ಹೊಸ ವರ್ಷದ ಶುಭಾಶಯ ಹೇಳಲು ಅವನಿಗೆ ಬಿಡುವು ಸಿಕ್ಕಿದ್ದು ಅಲ್ಲಿಯೇ. "ಟ್ಯಾಂಕರಿನವರು ಮುಷ್ಕರ ಹೂಡಿದ್ದಾರೆ, ನೀನೂ ಹೋಗಿ ತುಂಬಿಸಿಕೊಂಡುಬಿಡು" ಎಂದ. ಮುಷ್ಕರ ಯಾತಕ್ಕೆ ಎಂದು ಕೇಳಿದೆ. "ಏನೋ ಕಾನೂನಂತೆ" ಎಂದವನು, ಸಾಲು ಮುಂದೆ ಸರಿಯಿತೆಂದು ಮಾತು ನಿಲ್ಲಿಸಿದ.

ಅವನು ಹೇಳಿದಂತೆಯೇ ನಾನೂ ಮಾಡಿದೆ. ಗಾರ್ಡನ್ ರೀಚಿನ ಕಚೇರಿಯಿಂದ ಹೊರಟು, ಟ್ಯಾಂಕು ಅರ್ಧಕ್ಕಿಂತ ಹೆಚ್ಚು ತುಂಬಿದ್ದ ಸ್ಕೂಟರನ್ನು ಬಂಕಿಗೆ ಒಯ್ದೆ. ಹೈದರಾಬಾದಿನ ನೂಕುನುಗ್ಗಲು ಅಲ್ಲಿರಲಿಲ್ಲ. ಎಂದಿಗಿಂತ ಹತ್ತಿಪ್ಪತ್ತು ಗಾಡಿ ಹೆಚ್ಚಿದ್ದುವು, ಅಷ್ಟೆ. ಆ ಹತ್ತಿಪ್ಪತ್ತರಲ್ಲಿ ನನ್ನದೂ ಒಂದು.

ಗಾರ್ಡನ್ ರೀಚಿನಲ್ಲಿ ಕೆಲಸ ಮಾಡುವವನು ಲಾರಿ ಚಾಲಕರನ್ನು ಕಾಣದೆ ಇರಲಾರ. ಖಿದಿರ್‌ಪುರ ಮತ್ತು ನೇತಾಜಿ ಸುಭಾಷ್ ಹಡಗುಕಟ್ಟೆಗಳಿಗೆ ಹೋಗುವ ಟ್ರೇಲರುಗಳು ರಸ್ತೆಯಂಚಿನಲ್ಲಿ ಗಂಟೆಗಟ್ಟಲೆ ನಿಂತಿರುತ್ತವೆ. ಅವುಗಳ ನೆರಳಿನಲ್ಲಿ ಅಡುಗೆ, ಸ್ನಾನ, ನಿದ್ರೆ ಎಲ್ಲವೂ ನಡೆಯುತ್ತವೆ. ಹೂಗ್ಲಿಯ ಇದೇ ದಡದಲ್ಲಿ ಕೆಳಗೆ ಬಜ್‌ಬಜ್ ಇದೆ. ಅಲ್ಲಿನ ತೈಲಾಗಾರಗಳಿಂದ ಟ್ಯಾಂಕರುಗಳು ನಗರದ ಕಡೆಗೆ ಬರುತ್ತವೆ. ಇಷ್ಟು ವರ್ಷಗಳಲ್ಲಿ ನಾನು ಅವನ್ನು ದಾರಿಗೆ ಅಡ್ಡವಾದ ವಸ್ತುಗಳೆಂದಲ್ಲದೆ ಬೇರೆ ರೀತಿಯಲ್ಲಿ ನೋಡಿದ್ದು ಕಡಿಮೆ.

ಕಾನೂನು ಏನೆಂದು ಆ ರಾತ್ರಿ ಓದಿದೆ. ಹಳೆಯ ದಂಡ ಸಂಹಿತೆಯ 304-ಎ ಕಲಮಿನಲ್ಲಿ ನಿರ್ಲಕ್ಷ್ಯದಿಂದಾದ ಸಾವಿಗೆ ಹೆಚ್ಚೆಂದರೆ ಎರಡು ವರ್ಷ ಸೆರೆ. ಡಿಸೆಂಬರ್ 25ರಂದು ರಾಷ್ಟ್ರಪತಿಯವರ ಅಂಕಿತ ಪಡೆದ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮು ಅದನ್ನು ಐದಕ್ಕೆ ಏರಿಸಿತು. ಅದರ ಎರಡನೆಯ ಉಪಕಲಮಿನ ಪ್ರಕಾರ, ಅಪಘಾತ ಮಾಡಿದ ಚಾಲಕ ಪೊಲೀಸರಿಗಾಗಲಿ ಮ್ಯಾಜಿಸ್ಟ್ರೇಟರಿಗಾಗಲಿ ಬೇಗನೆ ತಿಳಿಸದೆ ಪರಾರಿಯಾದರೆ ಹತ್ತು ವರ್ಷದವರೆಗೆ ಸೆರೆ, ಜೊತೆಗೆ ದಂಡ. ದಂಡ ಏಳು ಲಕ್ಷವೆಂದು ದೇಶವೆಲ್ಲ ಹೇಳುತ್ತಿತ್ತು. ಕಲಮಿನಲ್ಲಿ ಆ ಮೊತ್ತವೇ ಇಲ್ಲ. ಸಾಲಿನಲ್ಲಿ ನಿಂತವರಂತೆ ಮುಷ್ಕರ ಹೂಡಿದವರಲ್ಲಿಯೂ ಅನೇಕರು ಅದನ್ನು ಓದಿರಲಿಲ್ಲವೆಂದು ಕಾಣುತ್ತದೆ.

ಮನಮಾಡ್ ಬಳಿಯ ಪಾನೇವಾಡಿ ತೈಲಾಗಾರದಲ್ಲಿ ಟ್ಯಾಂಕರುಗಳು ನಿಂತವು. ಚಂಡೀಗಢದ ಆಡಳಿತ ದ್ವಿಚಕ್ರ ವಾಹನಕ್ಕೆ ಎರಡು ಲೀಟರು, ಕಾರಿಗೆ ಐದು ಲೀಟರು ಎಂದು ಮಿತಿ ಹಾಕಿತು. ಹೈದರಾಬಾದಿನಲ್ಲಿ ಊಟ ತಲುಪಿಸುವ ಯುವಕನೊಬ್ಬ ಬೈಕು ಬಿಟ್ಟು ಕುದುರೆಯೇರಿ ಹೊರಟ. ಆ ದೃಶ್ಯವನ್ನು ನೋಡಿ ನಾವೆಲ್ಲ ನಕ್ಕೆವು. ಬಂಕಿನ ನೆಲದಡಿಯ ತೊಟ್ಟಿ ದಿನನಿತ್ಯದ ಮಾರಾಟಕ್ಕೆ ತಕ್ಕಂತೆ ತುಂಬುವಂಥದು. ವಾರಕ್ಕೊಮ್ಮೆ ಬರುವವರೆಲ್ಲ ಒಂದೇ ದಿನ ಬಂದರೆ, ಟ್ಯಾಂಕರು ಬಂದರೂ ಅದು ಬರಿದಾಗುತ್ತದೆ. 2012ರ ಮಾರ್ಚಿನಲ್ಲಿ ಬ್ರಿಟನ್ನಿನ ಟ್ಯಾಂಕರ್ ಚಾಲಕರು ಮುಷ್ಕರದ ಪರವಾಗಿ ಮತ ಹಾಕಿದ್ದರು. ದಿನಾಂಕ ಇನ್ನೂ ಗೊತ್ತಾಗಿರಲಿಲ್ಲ. ಡಬ್ಬಿಯಲ್ಲಿ ಒಂದಿಷ್ಟು ಪೆಟ್ರೋಲು ಕೂಡಿಡಿ ಎಂದು ಸಚಿವ ಫ್ರಾನ್ಸಿಸ್ ಮಾಡ್ ಸಲಹೆಯಿತ್ತರು. ಜನ ಬಂಕುಗಳಿಗೆ ಮುಗಿಬಿದ್ದರು. ಯಾರ್ಕ್ ನಗರದ ಮಹಿಳೆಯೊಬ್ಬರು ಅಡುಗೆಮನೆಯಲ್ಲಿ ಪೆಟ್ರೋಲನ್ನು ಪಾತ್ರೆಯಿಂದ ಪಾತ್ರೆಗೆ ಸುರಿಯುತ್ತಿದ್ದಾಗ ಬೆಂಕಿ ತಗುಲಿ ತೀವ್ರವಾಗಿ ಸುಟ್ಟುಕೊಂಡರು. ಮುಷ್ಕರ ಮಾತ್ರ ಕೊನೆಗೂ ನಡೆಯಲಿಲ್ಲ.

ನನ್ನನ್ನು ಕಾಡಿದ್ದು ಈ ಗಾಬರಿಗಿಂತ ಬೇರೊಂದು ಸಂಗತಿ. ಚಾಲಕರು ಹೇಳುತ್ತಿದ್ದುದರ ತಿರುಳು ಇಷ್ಟು: ನಾವು ಓಡುವುದು ಪೊಲೀಸರಿಗೆ ಹೆದರಿ ಅಲ್ಲ, ಜನರಿಗೆ ಹೆದರಿ. ಬಂಗಾಳಿಯಲ್ಲಿ ಇದಕ್ಕೆ 'ಗಣಪಿಟುನಿ' ಎಂಬ ಮಾತಿದೆ. ಗುಂಪು ಸೇರಿ ಬಡಿಯುವುದು. ಪತ್ರಿಕೆಗಳಲ್ಲಿ ಅದು ಎಷ್ಟು ಸಾಮಾನ್ಯವೆಂದರೆ, 2019ರಲ್ಲಿ ಇಲ್ಲಿನ ವಿಧಾನಸಭೆ ಅದನ್ನು ತಡೆಯಲೆಂದೇ ಒಂದು ಮಸೂದೆಯನ್ನು ಅಂಗೀಕರಿಸಬೇಕಾಯಿತು. ನಮ್ಮ ಕನ್ನಡದ ಮಾತು ಇನ್ನೂ ವಿಚಿತ್ರ. 'ಚಾಲಕನಿಗೆ ಸಾರ್ವಜನಿಕರಿಂದ ಧರ್ಮದೇಟು' ಎಂದು ಬರೆಯುತ್ತೇವೆ. ಏಟಿನ ಮುಂದೆ ಧರ್ಮವನ್ನು ಕೂರಿಸಿದ ಈ ಪದವನ್ನು ನಾನು ಹುಡುಗನಾಗಿದ್ದಾಗಿನಿಂದ ಓದುತ್ತ ಬಂದಿದ್ದೇನೆ; ಇದರಲ್ಲಿ ಧರ್ಮ ಯಾರದು ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಕಾನೂನಿಗೆ ಈ ಭಯ ತಿಳಿಯದ್ದಲ್ಲ. 1988ರ ಮೋಟಾರು ವಾಹನ ಕಾಯಿದೆಯ 134ನೆಯ ಕಲಮು, ಗಾಯಗೊಂಡವರಿಗೆ ಚಿಕಿತ್ಸೆ ಕೊಡಿಸುವುದು ಚಾಲಕನ ಕರ್ತವ್ಯವೆಂದು ಹೇಳುತ್ತಲೇ, ಜನಜಂಗುಳಿಯ ಆಕ್ರೋಶದಿಂದ ಅದು ಅಸಾಧ್ಯವಾದ ಸಂದರ್ಭವನ್ನು ಹೊರತುಪಡಿಸುತ್ತದೆ. ಹೊಸ ಸಂಹಿತೆಯ ಉಪಕಲಮಿನಲ್ಲಿ ಆ ಆಕ್ರೋಶದ ಉಲ್ಲೇಖವಿಲ್ಲ. ದೂರ ಹೋಗಿ ಠಾಣೆಗೆ ತಿಳಿಸಿದರೆ ಹತ್ತು ವರ್ಷದ ಶಿಕ್ಷೆ ತಗಲದೆಂಬುದು ನಿಜ. ಆದರೆ 'ಬೇಗನೆ' ಎಂದರೆ ಎಷ್ಟು ಹೊತ್ತು ಎಂಬುದನ್ನು ಅಪರಿಚಿತ ಊರಿನ ಕತ್ತಲಲ್ಲಿ ಚಾಲಕನೊಬ್ಬ ತಾನೇ ನಿರ್ಧರಿಸಬೇಕು. ಟ್ಯಾಂಕರಿನವನಾದರೆ ಬೆನ್ನ ಹಿಂದೆ ಸಾವಿರಾರು ಲೀಟರು ಇಂಧನ ಬೇರೆ. ಅಂಥ ಹೊರೆ ಉರುಳಿದರೆ ಏನಾಗುತ್ತದೆಂಬುದನ್ನು 2013ರ ಏಪ್ರಿಲಿನಲ್ಲಿ ಉಪ್ಪಿನಂಗಡಿ ಬಳಿಯ ಪೆರ್ನೆಯಲ್ಲಿ ಅನಿಲ ಟ್ಯಾಂಕರು ಹೊತ್ತಿಕೊಂಡಾಗ ನಮ್ಮವರು ಕಂಡಿದ್ದಾರೆ.

ರಸ್ತೆಯಲ್ಲಿ ಬಿದ್ದವನ ಕಡೆಯ ಮಾತನ್ನು ನಾನು ಮರೆತಿಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಡಿಕ್ಕಿ ಹೊಡೆದ ಗಾಡಿ ಯಾವುದೆಂದೇ ತಿಳಿಯದಿದ್ದರೆ ಮೃತನ ಮನೆಯವರಿಗೆ ಸಿಗುವ ಪರಿಹಾರ ಎರಡು ಲಕ್ಷ ರೂಪಾಯಿ. 2022ರ ಏಪ್ರಿಲಿಗೆ ಮೊದಲು ಅದು ಇಪ್ಪತ್ತೈದು ಸಾವಿರವಿತ್ತು. ಓಡಿಹೋಗುವುದನ್ನು ಹಗುರಾಗಿ ಕಾಣಬಾರದೆಂಬುದರಲ್ಲಿ ನನಗೆ ಅನುಮಾನವಿಲ್ಲ. ಮುಷ್ಕರವೂ ನಿರುಪದ್ರವಿಯಲ್ಲ. (ನಡತೆ ನಿಯಮಗಳ 7ನೆಯ ನಿಯಮದ ನೆರಳಿನಲ್ಲಿ, ಮುಷ್ಕರವೆಂಬ ಶಬ್ದವನ್ನು ಮೆಲ್ಲಗೆ ಉಚ್ಚರಿಸಿ ಬದುಕುವ ನನ್ನಂಥ ಕೇಂದ್ರ ಸರ್ಕಾರಿ ನೌಕರನಿಗೆ ಅದರ ಬಗ್ಗೆ ಬೋಧಿಸುವ ಹಕ್ಕೂ ಅಷ್ಟಾಗಿಲ್ಲ.) ಆದರೆ ಎರಡು ದಿನ ದೇಶ ಈ ಚಾಲಕರ ವಿಷಯ ಮಾತಾಡಿದಾಗ, ಪೆಟ್ರೋಲು ಯಾವಾಗ ಬರುತ್ತದೆ ಎಂಬ ಒಂದೇ ಪ್ರಶ್ನೆ ಕೇಳಿಬಂತು. ನೀವು ಯಾರಿಗೆ ಹೆದರುತ್ತೀರಿ ಎಂದು ಸಾಲಿನಲ್ಲಿದ್ದವರು ಕೇಳಲಿಲ್ಲ. ಕೇಳಿದ್ದರೆ ಅವರು ನಮ್ಮ ಕಡೆಗೇ ಬೆರಳು ತೋರಿಸುತ್ತಿದ್ದರು. ಬಂಕಿನೆದುರು ಕಾದವರೂ, ಅಪಘಾತವಾದಾಗ ಲಾರಿಯ ಬಾಗಿಲಿಗೆ ಕೈಹಾಕುವವರೂ ಬೇರೆ ಬೇರೆ ಜನವಲ್ಲ.

ಆ ಮಂಗಳವಾರ ರಾತ್ರಿಯೇ ಗೃಹ ಕಾರ್ಯದರ್ಶಿಗಳು ಅಖಿಲ ಭಾರತ ಮೋಟಾರ್ ಟ್ರಾನ್ಸ್‌ಪೋರ್ಟ್ ಕಾಂಗ್ರೆಸ್ಸಿನವರೊಡನೆ ಮಾತಾಡಿ, ಅವರನ್ನು ಕೇಳದೆ ಈ ಕಲಮನ್ನು ಜಾರಿಗೆ ತರುವುದಿಲ್ಲವೆಂದರು. ಸಾಲುಗಳು ಕರಗಿದವು, ಸುದ್ದಿಯೂ ಕರಗಿತು. 2024ರ ಜುಲೈ 1ರಂದು ಸಂಹಿತೆ ಜಾರಿಗೆ ಬಂದಾಗ ಅದೊಂದು ಉಪಕಲಮನ್ನು ಹೊರಗಿಡಲಾಯಿತು.

ಆ ಜುಲೈನ ಮಳೆಯಲ್ಲಿ ಕಚೇರಿಯ ಹತ್ತಿರದ ಚಹಾದಂಗಡಿಯ ತಗಡಿನ ಸೂರಿನಡಿ ಬಿಹಾರದ ಟ್ರೇಲರ್ ಚಾಲಕನೊಬ್ಬ ಪಕ್ಕದಲ್ಲಿ ನಿಂತಿದ್ದ. ಆ ಹತ್ತು ವರ್ಷದ ಕಾನೂನು ಏನಾಯಿತು ಗೊತ್ತೆ ಎಂದು ನನ್ನ ಮುರುಕು ಹಿಂದಿಯಲ್ಲಿ ಕೇಳಿದೆ.

"ಏನಾಗುವುದು? ಜಾರಿಯಲ್ಲಿದೆಯಲ್ಲ" ಎಂದ. ಇಲ್ಲ ಎಂದೆ. ನನ್ನ ಕೊರಳಿನಲ್ಲಿ ನೇತಾಡುತ್ತಿದ್ದ ಸರ್ಕಾರಿ ಗುರುತಿನ ಚೀಟಿಯನ್ನು ಒಮ್ಮೆ ನೋಡಿ, ನಂಬದವನಂತೆ ನಕ್ಕು, ಚಹಾದ ಭಾಂಡ ಕೆಳಗಿಟ್ಟು ಮಳೆಯಲ್ಲಿಯೇ ಗಾಡಿಯ ಕಡೆಗೆ ನಡೆದ.