ಇಪ್ಪತ್ತು ರೂಪಾಯಿಗೂ ಅಂಗಲಾಚಬೇಕೇ?

ಸರ್ಕಾರಿ ಸೇವೆಯನ್ನು ಗೊತ್ತಾದ ದಿನದೊಳಗೆ ಪಡೆಯುವುದು ಕರ್ನಾಟಕದಲ್ಲಿ ಕಾನೂನು ಕೊಟ್ಟ ಹಕ್ಕು. ‘ಸಕಾಲ’ ಎಂದೇ ಹೆಸರಾದ ನಾಗರಿಕ ಸೇವೆಗಳ ಖಾತರಿ ಅಧಿನಿಯಮ 2011ರದು. ರಾಜ್ಯದಾದ್ಯಂತ ಜಾರಿಗೆ ಬಂದದ್ದು 2012ರ ಏಪ್ರಿಲ್ 2ರಂದು. ಅರ್ಜಿ ಕೊಟ್ಟವರಿಗೆ 15 ಅಂಕಿಯ ಸಂಖ್ಯೆಯಿರುವ ಸ್ವೀಕೃತಿ ಸಿಗಬೇಕು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ. ಅದು ಹೊಣೆಗಾರ ಅಧಿಕಾರಿಯ ಸಂಬಳದಿಂದ ಕಡಿತವಾಗಬೇಕು.

ಆ ಸ್ವೀಕೃತಿ ಚೀಟಿಯ ಬೆಲೆ ದೊಡ್ಡದು. ಹಿಂದೆ ನಾಡಕಚೇರಿಯ ಕಿಟಕಿಯೊಳಗೆ ಹೋದ ಎಷ್ಟೋ ಅರ್ಜಿಗಳಿಗೆ ಗುರುತೇ ಇರುತ್ತಿರಲಿಲ್ಲ. ‘ಕೇಸ್ ವರ್ಕರ್ ರಜೆ’, ‘ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ’, ‘ಸೋಮವಾರ ಬನ್ನಿ’ ಎಂದರೆ ರೈತ ಬಂದ ದಾರಿ ಹಿಡಿಯಬೇಕಿತ್ತು. ಚೀಟಿ ಕೈಗೆ ಬಂದಮೇಲೆ ತಾರೀಖು ತೋರಿಸಿ ಕೇಳುವ ಧೈರ್ಯ ಬಂತು.

ಕಾನೂನು ಆ ಧೈರ್ಯವನ್ನು ಅರ್ಧ ದಾರಿಯಲ್ಲಿ ಕೈಬಿಟ್ಟಿದೆ. ಪರಿಹಾರ ತಾನಾಗಿ ಬರುವುದಿಲ್ಲ; ಅರ್ಜಿದಾರರೇ ಮೇಲ್ಮನವಿ ಹಾಕಬೇಕು, ಅದೂ ಸಾಮಾನ್ಯವಾಗಿ ಅದೇ ಇಲಾಖೆಯ ಮೇಲಧಿಕಾರಿಗೆ. ಇವತ್ತು ಜಾತಿ ಪ್ರಮಾಣಪತ್ರ ತಡವಾಯಿತೆಂದು ದೂರಿದವರು ನಾಳೆ ಪೌತಿ ಖಾತೆಗೆ, ಪೋಡಿಗೆ ಅದೇ ಮೇಜಿನ ಮುಂದೆ ನಿಲ್ಲಬೇಕು. ಒಂದು ದಿನದ ಕೂಲಿ ಬಿಟ್ಟು, ಬಸ್ ಚಾರ್ಜು ಕೊಟ್ಟು ಹೋಗಿ ಇಷ್ಟು ಹಣಕ್ಕಾಗಿ ಆ ಮೇಜಿನವರ ಮುನಿಸು ಯಾರು ಕಟ್ಟಿಕೊಳ್ಳುತ್ತಾರೆ? ಜನರಿಗೆ ಅರಿವಿಲ್ಲ ಎಂದು ದೂರುವುದು ಅನ್ಯಾಯ. ಪರಿಣಾಮದ ಅರಿವಿದ್ದೇ ಅವರು ಬಾಯಿಬಿಡುವುದಿಲ್ಲ.

ಮೊತ್ತಕ್ಕಂತೂ ಬಿಸಿಯೇ ಇಲ್ಲ. 25 ದಿನಕ್ಕೆ 500 ರೂಪಾಯಿ ತುಂಬುತ್ತದೆ; 26ನೇ ದಿನದಿಂದ ಕಡತ ಎಷ್ಟು ತಿಂಗಳು ಕೂತರೂ ಪರಿಹಾರ ಒಂದು ರೂಪಾಯಿಯೂ ಏರದು. ಮಾಹಿತಿ ಹಕ್ಕು ಕಾಯ್ದೆಯಲ್ಲಿ ತಡಮಾಡಿದ ಅಧಿಕಾರಿಗೆ ದಿನಕ್ಕೆ 250, ಗರಿಷ್ಠ 25,000 ರೂಪಾಯಿ ದಂಡವಿದೆ. ಇನ್ನೊಂದು ಕಂಡಿ ಹಿಂಬರಹದ್ದು. ಗಡುವಿನ ಹಿಂದಿನ ದಿನ ‘ದಾಖಲೆ ಸಾಲದು’ ಎಂದು ಬರೆದು ಅರ್ಜಿ ತಿರಸ್ಕರಿಸಿದರೂ ಲೆಕ್ಕದಲ್ಲಿ ಅದು ಅವಧಿಯೊಳಗಿನ ವಿಲೇವಾರಿ.

ಗಡುವು ಮೀರಿದ ದಿನ ಸಕಾಲದ ಕಂಪ್ಯೂಟರಿಗೆ ಗೊತ್ತೇ ಇರುತ್ತದೆ. ಗೃಹಲಕ್ಷ್ಮಿಯ 2,000 ರೂಪಾಯಿಯನ್ನು ನೇರವಾಗಿ ಬ್ಯಾಂಕ್ ಖಾತೆಗೆ ಹಾಕುವ ಸರ್ಕಾರ ಈ ಪರಿಹಾರವನ್ನೂ ಯಾರೂ ಕೇಳದೆಯೇ ಹಾಕಬಲ್ಲದು. 500ರ ಮಿತಿ ಹೋಗಬೇಕು. ಮೇಲ್ಮನವಿಯನ್ನು ಇಲಾಖೆಯ ಹೊರಗಿನವರು ಕೇಳಬೇಕು. ಯಾವ ದಾಖಲೆ ಕಮ್ಮಿ ಎಂಬುದನ್ನು ಅರ್ಜಿ ತೆಗೆದುಕೊಳ್ಳುವಾಗಲೇ ಚೀಟಿಯ ಮೇಲೆ ಬರೆದುಕೊಡಬೇಕು. ಅಲ್ಲಿ ಬರೆಯದ ಕೊರತೆಯನ್ನು ಆಮೇಲೆ ಹಿಂಬರಹದಲ್ಲಿ ಎತ್ತುವಂತಿರಬಾರದು.