ದುಡ್ಡು ಕಳಿಸುವ ಮೊದಲು ಶಾಲೆಯನ್ನು ಕೇಳೋಣ

ಊರಿನ ಸರ್ಕಾರಿ ಶಾಲೆಗೆ ಏನಾದರೂ ಮಾಡಬೇಕೆಂಬ ಆಸೆ ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ಅನೇಕ ಕನ್ನಡಿಗರಿಗಿದೆ. ಹಳೆ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಬ್ಬರು ‘ಕಂಪ್ಯೂಟರ್ ಕೊಠಡಿ ಮಾಡಿಸೋಣ’ ಎಂದರೆ ಸಾಕು, ಹಣ ಕೂಡತೊಡಗುತ್ತದೆ. ಆ ಕೊಠಡಿ ಬೇಕೆಂದು ಶಾಲೆ ಕೇಳಿತ್ತೇ ಎಂದು ವಿಚಾರಿಸುವವರು ಮಾತ್ರ ಕಡಿಮೆ.

ಶಾಲೆಗೆ ಬೇಕಿದ್ದುದು ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿರಬಹುದು, ಸೋರುವ ಮಾಡಿನ ರಿಪೇರಿ ಇರಬಹುದು. ಆದರೂ ಬಂದ ದಾನವನ್ನು ಬೇಡ ಎನ್ನಲು ಮುಖ್ಯ ಶಿಕ್ಷಕರಿಗೆ ಮುಜುಗರ. ಆ ಮೌನವನ್ನು ಒಪ್ಪಿಗೆ ಎಂದು ತಿಳಿಯಬಾರದು. ಉದ್ಘಾಟನೆಯ ಮರುದಿನದಿಂದಲೇ ಕರೆಂಟ್ ಬಿಲ್, ರಿಪೇರಿ, ಕಲಿಸುವವರ ಸಂಬಳ ಶುರು. ಶಾಲೆಯ ಆದ್ಯತೆಯಲ್ಲೇ ಇಲ್ಲದ ಕೆಲಸಕ್ಕೆ ಈ ಖರ್ಚು ಹೊರುವವರು ಸಿಗುವುದು ಕಷ್ಟ. ಕೊನೆಗೆ ಕೊಠಡಿಗೆ ಬೀಗ ಬೀಳುತ್ತದೆ.

ಲೆಕ್ಕ ಸರಿಯಿರುವ ಯಾವ ಕಂಪನಿಯೂ ಬಜೆಟ್‌ನಲ್ಲಿಲ್ಲದ ದೊಡ್ಡ ಖರ್ಚಿಗೆ ಆಡಳಿತ ಮಂಡಳಿಯ ಒಪ್ಪಿಗೆಯಿಲ್ಲದೆ ಚೆಕ್ ಬರೆಯುವುದಿಲ್ಲ. ಊರಿನ ಶಾಲೆಗೂ ಅದೇ ಶಿಸ್ತು ಇರಲಿ. ಅದಕ್ಕೆ ದಾರಿ ಕಾನೂನಿನಲ್ಲೇ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಸರ್ಕಾರಿ ಶಾಲೆಯ ನಿರ್ವಹಣಾ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಪೋಷಕರಿರಬೇಕು. ಶಾಲಾ ಅಭಿವೃದ್ಧಿ ಯೋಜನೆ ತಯಾರಿಸುವುದು ಆ ಸಮಿತಿಯ ಕೆಲಸ. ನಮ್ಮ ರಾಜ್ಯದಲ್ಲಿ ಅದನ್ನು ಎಸ್‌ಡಿಎಂಸಿ ಎನ್ನುತ್ತೇವೆ.

ಆದ್ದರಿಂದ ಹಣ ಕಳಿಸುವ ಮುನ್ನ ಮೂರು ವಿಷಯ ಖಚಿತವಾಗಲಿ. ಉದ್ದೇಶಿತ ಕೆಲಸ ಆ ಯೋಜನೆಯಲ್ಲಿದೆಯೇ, ಇದ್ದರೆ ಎಷ್ಟನೆಯದು? ಅದನ್ನು ಈಗಲೇ ಕೈಗೆತ್ತಿಕೊಳ್ಳಬೇಕೆಂದು ಸಮಿತಿ ನಿರ್ಣಯ ಬರೆದು ಸಹಿ ಹಾಕಿದೆಯೇ? ಮುಂದಿನ ವರ್ಷಗಳ ನಿರ್ವಹಣೆ ವೆಚ್ಚ ಯಾರದು? ಉತ್ತರ ಕೈಸೇರಿದ ಮೇಲೆ, ಕೆಲಸ ಸಾಗಿದಂತೆ ಕಂತುಗಳಲ್ಲಿ ಹಣ ಕೊಡಬಹುದು.

ಸಮಿತಿಗಳಲ್ಲೂ ರಾಜಕೀಯವಿದೆ, ಕಾಯುತ್ತ ಕೂತರೆ ಉತ್ಸಾಹ ಆರುತ್ತದೆ ಎನ್ನುವವರಿದ್ದಾರೆ. ಆ ಮಾತಿನಲ್ಲಿ ಹುರುಳಿದೆ. ಆದರೆ ಒಂದು ನಿರ್ಣಯ ಬರೆದುಕೊಡಲೂ ಒಮ್ಮತ ಮೂಡದ ಕಡೆ ಕಟ್ಟಡ ಕಟ್ಟಿಕೊಟ್ಟರೆ ಅದನ್ನು ನೋಡಿಕೊಳ್ಳುವವರು ಯಾರು?

ಈ ವಿಚಾರಣೆ ದುಬೈ, ದೋಹಾದಲ್ಲಿ ಕುಳಿತವರಿಗೆ ಕಷ್ಟ, ಊರಲ್ಲಿರುವ ನಿಮಗೆ ಸುಲಭ. ಮಗನೋ ಯಜಮಾನರೋ ದೇಣಿಗೆಯ ಮಾತೆತ್ತಿದಾಗ ಒಮ್ಮೆ ಶಾಲೆಗೆ ಹೋಗಿ ಬನ್ನಿ. ಮುಖ್ಯ ಶಿಕ್ಷಕರನ್ನು, ಮಕ್ಕಳನ್ನು ಅಲ್ಲಿಗೇ ಕಳಿಸುವ ತಾಯಂದಿರನ್ನು ಮಾತನಾಡಿಸಿ. ಓವರ್‌ಟೈಮ್ ದುಡಿದು ಉಳಿಸಿದ ಹಣ ಬೀಗ ಹಾಕಿದ ಕೋಣೆಯಲ್ಲಿ ಧೂಳು ಹಿಡಿದರೆ, ಮುಂದಿನ ಬಾರಿ ನಿಜಕ್ಕೂ ಅಗತ್ಯ ಬಿದ್ದಾಗ ಕೊಡುವ ಕೈ ಹಿಂಜರಿಯುತ್ತದೆ. ಆ ನಷ್ಟ ಮಕ್ಕಳದು.