ಬಿಸಿಲು ಆಗದೆಂದು ಮಾತ್ರೆ ಬಿಡಬೇಡಿ



ಶಿವರಾತ್ರಿ ಕಳೆದು ಬಿಸಿಲು ಏರಿತೆಂದರೆ ನಮ್ಮ ಮಹಡಿಗಳಿಗೆ ಕಳೆ ಬರುತ್ತದೆ. ಒಂದು ಕಡೆ ಅಕ್ಕಿ ಸಂಡಿಗೆ, ಇನ್ನೊಂದು ಕಡೆ ಉದ್ದಿನ ಹಪ್ಪಳ, ಮೂಲೆಯಲ್ಲಿ ಬ್ಯಾಡಗಿ ಮೆಣಸಿನಕಾಯಿ. ವರ್ಷಕ್ಕಾಗುವಷ್ಟು ಮಾಡಿ ಡಬ್ಬ ತುಂಬಿಸಿಟ್ಟರೇನೇ ನಮಗೆ ಸಮಾಧಾನ, ಅಲ್ಲವೆ? ಹೋದ ಬೇಸಿಗೆಯಲ್ಲಿ ಈ ಸಂಡಿಗೆಯ ದೆಸೆಯಿಂದಲೇ ನಮ್ಮ ಮನೆಯಲ್ಲಿ ಒಂದು ಪ್ರಸಂಗ ನಡೆಯಿತು. ನಿಮಗೂ ಉಪಯೋಗವಾದೀತೆಂದು ಹೇಳುತ್ತಿದ್ದೇನೆ.

ನನ್ನ ವಾರಗಿತ್ತಿಗೆ ನಾಲ್ಕು ವರ್ಷದಿಂದ ಸಂಧಿವಾತ. ವಯಸ್ಸಾದ ಮೇಲೆ ಮಂಡಿ ಸವೆದು ಬರುವ ನೋವಲ್ಲ ಇದು. ಡಾಕ್ಟರು ರುಮಟಾಯ್ಡ್ ಆರ್ಥ್ರೈಟಿಸ್ ಅನ್ನುತ್ತಾರಲ್ಲ, ಅದು. ರೋಗದಿಂದ ನಮ್ಮನ್ನು ಕಾಯಬೇಕಾದ ದೇಹದ ಶಕ್ತಿಯೇ ದಾರಿ ತಪ್ಪಿ ನಮ್ಮ ಕೀಲುಗಳ ಮೇಲೆ ಬೀಳುವ ಕಾಯಿಲೆ. ಗಂಡಸರಿಗಿಂತ ಹೆಂಗಸರಲ್ಲೇ ಹೆಚ್ಚು. ಮೊದಮೊದಲು ಬೆಳಿಗ್ಗೆ ಎದ್ದರೆ ಗಂಟೆಗಟ್ಟಲೆ ಬೆರಳು ಮಡಚಲಾಗುತ್ತಿರಲಿಲ್ಲ. ಮಾತ್ರೆ ಹಿಡಿಸಿದ ಮೇಲೆ ಮತ್ತೆ ಚಪಾತಿ ಹಿಟ್ಟು ನಾದುವಷ್ಟು ಚೇತರಿಸಿಕೊಂಡಿದ್ದಳು.

ಸಂಡಿಗೆ ಇಟ್ಟ ದಿನ ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರವರೆಗೂ ಮಹಡಿಯಲ್ಲೇ ಇದ್ದಳು. ಸಂಜೆ ಹೊತ್ತಿಗೆ ಮುಂಗೈ, ಕುತ್ತಿಗೆ ಎಲ್ಲ ಕೆಂಪಗೆ ಎದ್ದು ಉರಿ, ತುರಿಕೆ. ರವಿಕೆ ಮುಚ್ಚಿದ್ದ ಜಾಗದಲ್ಲಿ ಮಾತ್ರ ಏನೂ ಇಲ್ಲ! ಪಕ್ಕದ ಮನೆಯಾಕೆ, “ಆ ಮಾತ್ರೆಗಳೆಲ್ಲ ಬಲು ಉಷ್ಣ ಕಣ್ರೀ, ಬಿಟ್ಟುಬಿಡಿ” ಎಂದರು. ಇವಳು ಯಾರಿಗೂ ಹೇಳದೆ ಬಿಟ್ಟೇಬಿಟ್ಟಳು. ಉರಿಯೇನೋ ಹೋಯಿತು. ಆದರೆ ಎರಡು ತಿಂಗಳಲ್ಲಿ ಬೆರಳ ಗೆಣ್ಣುಗಳು ಊದಿಕೊಂಡು, ಒದ್ದೆ ಬಟ್ಟೆ ಹಿಂಡಲಾರಳು, ಕಾಫಿ ಲೋಟ ಹಿಡಿಯಲಾರಳು. ಡಾಕ್ಟರ ಮುಂದೆ ಕುಳಿತಾಗ ಗುಟ್ಟು ಹೊರಬಿತ್ತು. “ಚರ್ಮದ ಉರಿ ವಾರದಲ್ಲಿ ಹೋಗುತ್ತೆ ತಾಯೀ, ಹಾಳಾದ ಕೀಲು ವಾಪಸ್ಸು ಬರೋಲ್ಲ” ಎಂದರಂತೆ.

ಬಿಸಿಲು ಯಾಕೆ ಆಗುವುದಿಲ್ಲ?

ಸಂಧಿವಾತದವರಿಗೆ ಬಿಸಿಲು ಆಗದಿದ್ದರೆ ಸಾಮಾನ್ಯವಾಗಿ ಅದು ಕೀಲಿನ ಕಾಯಿಲೆಯ ದೋಷವಲ್ಲ, ನುಂಗುವ ಮಾತ್ರೆಯದು. ಕೆಲವು ಔಷಧಿಗಳು ಮೈಯಲ್ಲಿರುವಾಗ ಬಿಸಿಲಿನ ಕಣ್ಣಿಗೆ ಕಾಣದ ಕಿರಣಗಳು ಚರ್ಮವನ್ನು ಬೇಗ ಸುಡುತ್ತವೆ. ಮೆಥೊಟ್ರೆಕ್ಸೇಟ್, ಸಲ್ಫಸಲಜೀನ್, ಕೆಲವರಿಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಹೀಗೆ ಮಾಡುವುದುಂಟು. ನೋವಿನ ಮಾತ್ರೆಗಳಲ್ಲಿ ನ್ಯಾಪ್ರೋಕ್ಸೆನ್, ಪೈರಾಕ್ಸಿಕ್ಯಾಮ್. ಹಚ್ಚುವ ಮುಲಾಮಿನಲ್ಲಿ ಕೀಟೊಪ್ರೊಫೆನ್. ಸೋಂಕಿಗೆ ಕೊಡುವ ಡಾಕ್ಸಿಸೈಕ್ಲಿನ್, ಮೂತ್ರ ಹೆಚ್ಚಿಸುವ ಕೆಲವು ಬಿ.ಪಿ. ಮಾತ್ರೆಗಳೂ ಈ ಪಟ್ಟಿಗೆ ಸೇರುತ್ತವೆ. ಎಲ್ಲರಿಗೂ ಆಗುತ್ತದೆಂದಲ್ಲ. ಆದವರು ಮನೆಯಲ್ಲಿರುವ ಮಾತ್ರೆ, ಮುಲಾಮು ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ಡಾಕ್ಟರಿಗೆ ತೋರಿಸಿ. ನಮ್ಮವಳ ವಿಷಯದಲ್ಲಿ ಅಂಗಡಿಯಿಂದ ತಾನೇ ತರಿಸಿಕೊಳ್ಳುತ್ತಿದ್ದ ನೋವಿನ ಮಾತ್ರೆಯ ಮೇಲೆ ಡಾಕ್ಟರಿಗೆ ಅನುಮಾನ ಬಂತು. ಅದನ್ನು ನಿಲ್ಲಿಸಿ, ಮುಖ್ಯ ಮಾತ್ರೆಯನ್ನು ಮತ್ತೆ ಶುರುಮಾಡಿಸಿದರು. ಹೀಗೆ ಕೈ ಉಳಿಯಿತು.

ಒಂದು ಎಚ್ಚರಿಕೆ. ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನದ ಔಷಧಿ, ದಿನಾ ನುಂಗುವುದಲ್ಲ. ಅದನ್ನು ತೆಗೆದುಕೊಳ್ಳುವಾಗ ಬಾಯಲ್ಲಿ ಹುಣ್ಣು, ಜ್ವರ, ಮೈಮೇಲೆ ಬೊಬ್ಬೆ ಕಂಡರೆ ಮುಂದಿನ ಮಾತ್ರೆ ನುಂಗುವ ಮೊದಲೇ, ಅಂದೇ ಡಾಕ್ಟರನ್ನು ಕಾಣಿ.

ಇನ್ನೊಂದು ಮಾತು. ಬಿಸಿಲಿಗೆ ಹೋದಾಗಲೆಲ್ಲ ಮೂಗಿನ ಮೇಲೆ, ಎರಡೂ ಕೆನ್ನೆಗೆ ಚಿಟ್ಟೆಯ ರೆಕ್ಕೆಯಂತೆ ಕೆಂಪು ಹರಡುತ್ತಿದ್ದರೆ, ಜೊತೆಗೆ ಕೀಲುನೋವು, ಕೂದಲು ಉದುರುವುದು ಇದ್ದರೆ ಅದು ಲೂಪಸ್ ಎಂಬ ಬೇರೆ ಕಾಯಿಲೆ ಇರಬಹುದು. ರಕ್ತ, ಮೂತ್ರ ಪರೀಕ್ಷೆ ಮಾಡಿಸಲೇಬೇಕು. ಅದು ಮೂತ್ರಪಿಂಡಕ್ಕೂ ತಗಲುವಂಥದು.

ಬೆಳಕು ಕಣ್ಣಿಗೆ ಚುಚ್ಚಿದರೆ

ಕೆಲವರಿಗೆ ಚರ್ಮಕ್ಕೇನೂ ಆಗದು, ಕಣ್ಣಿಗೆ ಬೆಳಕು ತಡೆಯದು. ಟ್ಯೂಬ್‌ಲೈಟ್ ಕೂಡ ಚುಚ್ಚುತ್ತದೆ, ಕಣ್ಣಲ್ಲಿ ಮರಳು ಬಿದ್ದ ಹಾಗೆ. ಇದು ಕಣ್ಣೀರು ಬತ್ತಿರುವ ಗುರುತು. ಬಾಯಿಯೂ ಒಣಗಿ, ಒಂದು ತುತ್ತು ಅವಲಕ್ಕಿಗೂ ನೀರು ಬೇಕಾಗುತ್ತದೆ. 1933ರಲ್ಲಿ ಸ್ವೀಡನ್ನಿನ ಕಣ್ಣಿನ ವೈದ್ಯ ಹೆನ್ರಿಕ್ ಷೋಗ್ರೆನ್ ಹೀಗೆ ಕಣ್ಣು ಒಣಗಿದ 19 ಹೆಂಗಸರ ಬಗ್ಗೆ ಬರೆದರು. ಅವರಲ್ಲಿ 13 ಮಂದಿಗೆ ಕೀಲುಬೇನೆಯೂ ಇತ್ತು! ಆ ಕಾಯಿಲೆಗೆ ಇಂದಿಗೂ ಅವರದೇ ಹೆಸರು. ಕಣ್ಣಿಗೆ ಬಿಡುವ ಕೃತಕ ಕಣ್ಣೀರಿನ ಹನಿಗಳಿಂದ ಬಹಳ ನೆಮ್ಮದಿ ಸಿಗುತ್ತದೆ. ಫ್ಯಾನಿನ ಗಾಳಿ ನೇರ ಮುಖಕ್ಕೆ ಬೀಸದಂತೆ ಮಲಗಿ. ಒಲೆಯ ಹೊಗೆಯಿಂದ ದೂರವಿರಿ.

ಆದರೆ ಕಣ್ಣು ಕೆಂಪಾಗಿ, ಒಳಗೆ ಆಳದಲ್ಲಿ ನೋವು ಹತ್ತಿ, ಬೆಳಕು ನೋಡಲಾಗದೆ, ದೃಷ್ಟಿ ಮಬ್ಬಾದರೆ ಹನಿ ಹಾಕಿಕೊಂಡು ಕೂರಬೇಡಿ. ಸಂಧಿವಾತ ಕಣ್ಣಿನ ಬಿಳಿಭಾಗಕ್ಕೂ ಇಳಿಯುವುದುಂಟು. ಅಂದೇ ಕಣ್ಣಿನ ಡಾಕ್ಟರಲ್ಲಿಗೆ ಹೋಗಿ. ಹೈಡ್ರಾಕ್ಸಿಕ್ಲೋರೋಕ್ವಿನ್ ನುಂಗುವವರು ಮೊದಲ ವರ್ಷದೊಳಗೆ ಒಮ್ಮೆ, 5 ವರ್ಷವಾದ ಮೇಲೆ ವರ್ಷಕ್ಕೊಮ್ಮೆ ಕಣ್ಣಿನ ಹಿಂಭಾಗದ ಪರದೆಯನ್ನು ಪರೀಕ್ಷೆ ಮಾಡಿಸಬೇಕು. ಮೂತ್ರಪಿಂಡದ ತೊಂದರೆ ಇದ್ದವರು ಇನ್ನೂ ಬೇಗ.

ಹಾಗಾದರೆ ಸಂಡಿಗೆ ಬೇಡವೆ?

ಯಾಕೆ ಬೇಡ? ಕೆಲಸದ ಹೊತ್ತು ಬದಲಿಸಿಕೊಂಡರಾಯಿತು.

1. ಸಂಡಿಗೆ ಇಡುವುದು ಬೆಳಿಗ್ಗೆ 8ರೊಳಗೆ, ತೆಗೆಯುವುದು ಸಂಜೆ. 10ರಿಂದ 4ರ ಬಿಸಿಲು ಸಂಡಿಗೆಗೆ ಇರಲಿ, ನಿಮಗೆ ಬೇಡ. ಕಾಗೆ ಓಡಿಸುವ ಕೆಲಸ ಮಕ್ಕಳಿಗೆ ಒಪ್ಪಿಸಿ.

2. ಹೊಲದ ಕೆಲಸದ ಹೆಂಗಸರು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಶರ್ಟು ಹಾಕಿಕೊಳ್ಳುವುದನ್ನು ನೋಡಿದ್ದೀರಲ್ಲ? ಅದು ಜಾಣತನ. ಒತ್ತಾಗಿ ನೇಯ್ದ, ಗಾಢ ಬಣ್ಣದ ಬಟ್ಟೆ ಕಿರಣವನ್ನು ಹೆಚ್ಚು ತಡೆಯುತ್ತದೆ. ಜೊತೆಗೊಂದು ಕೊಡೆ.

3. ಮೋಡವಿದೆ, ಬಸ್ಸಿನ ಕಿಟಕಿಯ ಗಾಜು ಮುಚ್ಚಿದೆ ಎಂದು ಮೈಮರೆಯಬೇಡಿ. ಆ ಕಿರಣಗಳಲ್ಲಿ ಒಂದು ಬಗೆ ಮೋಡದಿಂದಲೂ ಗಾಜಿನಿಂದಲೂ ಒಳಗೆ ಬರುತ್ತದೆ.

4. ಸನ್‌ಸ್ಕ್ರೀನ್ ಕೊಳ್ಳುವುದಾದರೆ ಎಸ್.ಪಿ.ಎಫ್. 30 ಅಥವಾ ಹೆಚ್ಚಿನದು. ಹೊರಡುವ ಕಾಲು ಗಂಟೆ ಮುಂಚೆ ಹಚ್ಚಿ; ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ.

5. ಉಪ್ಪಿನಕಾಯಿಗೆ ನಿಂಬೆ ಹೆಚ್ಚಿದ ಕೈಯಲ್ಲಿ ಬಿಸಿಲಿಗೆ ಹೋಗಬೇಡಿ. ನಿಂಬೆರಸ ಮತ್ತು ಬಿಸಿಲು ಸೇರಿದರೆ ಯಾರಿಗಾದರೂ ಚರ್ಮ ಸುಟ್ಟು ಕಪ್ಪು ಕಲೆ ಕೂರುತ್ತದೆ. ಸೋಪು ಹಚ್ಚಿ ತೊಳೆದು ಹೋಗಿ.

“ಬಿಸಿಲು ಕಾಯಿಸಿದರೆ ಕೀಲಿಗೆ ಹಿತ” ಎಂದು ಹಿರಿಯರು ಹೇಳುವುದು ಸುಳ್ಳಲ್ಲ. ಹಿತ ಕೊಡುವುದು ಶಾಖ. ಬೆಳಿಗ್ಗೆ ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು ತುಂಬಿ ಹತ್ತು ನಿಮಿಷ ಕೈ ಅದ್ದಿಟ್ಟರೂ ಅದು ಸಿಗುತ್ತದೆ. ಬಿಸಿಲಿಗೇ ಹೋಗದವರು ವಿಟಮಿನ್ ಡಿ ಕಡಮೆಯಾಗಿದೆಯೇ ಎಂದು ಡಾಕ್ಟರನ್ನು ಕೇಳಿ.

ಈ ಸಲ ನಮ್ಮ ಮನೆಯಲ್ಲಿ ಬೆಳಿಗ್ಗೆ 7ಕ್ಕೇ ಸಂಡಿಗೆ ಇಟ್ಟು ಮುಗಿಸಿದೆವು. ವಾರಗಿತ್ತಿಯ ಮೈಮೇಲೆ ಮೈದುನನ ಹಳೇ ಶರ್ಟು! ನೋಡಿದವರು ನಕ್ಕರು. ನಗಲಿ ಬಿಡಿ. ಸಂಡಿಗೆ ಒತ್ತಿದ್ದು ಅವಳ ಕೈಯೇ.